ಒಂಬತ್ತನೇ ಪುಟದಿಂದ ಶುರು ಮಾಡಿ

ಪ್ರಿಯ ಮಿತ್ರರೇ,

ನಿಮ್ಮ ಲೇಖನ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತು, ಕ್ಷಮಿಸಿ. ಎರಡು ಸಲ ಪೂರ್ತಿ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ: ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಒಂಬತ್ತನೇ ಪುಟ ಬಿಡಲಿಲ್ಲ. ಅದರ ಮಾತು ಆಮೇಲೆ.

ನೀವು ಹಿಡಿದ ವಿಷಯ ಗಟ್ಟಿಯಾಗಿದೆ. ತಮಿಳುನಾಡಿನ ಜೊತೆಗಿನ ಕಾವೇರಿ ನೀರಿನ ಜಗಳ, ಕನ್ನಡ-ತಮಿಳು ಭಾಷೆಯ ಜಗಳ ಎರಡೂ ಕೊನೆಗೆ ಥಿಯೇಟರ್ ಬಾಗಿಲಿಗೇ ಯಾಕೆ ಬಂದು ನಿಲ್ಲುತ್ತವೆ ಎಂದು ಕೇಳಿದ್ದೀರಿ. 2017ರ ‘ಬಾಹುಬಲಿ 2’, 2018ರ ‘ಕಾಲಾ’, 2023ರಲ್ಲಿ ಬೆಂಗಳೂರಿನಲ್ಲಿ ಅರ್ಧಕ್ಕೆ ನಿಂತ ತಮಿಳು ನಟ ಸಿದ್ಧಾರ್ಥ್ ಅವರ ಪತ್ರಿಕಾಗೋಷ್ಠಿ, 2025ರ ‘ಥಗ್ ಲೈಫ್’, ಹೀಗೆ ನಾಲ್ಕು ಘಟನೆ ಜೋಡಿಸಿದ್ದೀರಿ. ಆದರೆ ಕೇಳಿದ ಪ್ರಶ್ನೆಗೆ ಎರಡನೇ ಪುಟದಲ್ಲೇ ಉತ್ತರ ಕೊಟ್ಟುಬಿಟ್ಟಿದ್ದೀರಿ: ತಡೆಯುವವರು ಬುದ್ಧಿಯಿಲ್ಲದವರು, ಸಿನಿಮಾ ಬರೀ ಸಿನಿಮಾ. ಉಳಿದ ಹತ್ತು ಪುಟ ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತವೆ. ಒಪ್ಪುವವರು ಓದಿ ತಲೆಯಾಡಿಸುತ್ತಾರೆ. ಒಪ್ಪದವರು ಅಲ್ಲೇ ಮಡಚಿಡುತ್ತಾರೆ. ಜಗಳದ ಬಗ್ಗೆ ಬರೆಯಲು ಹೊರಟವರು ನೀವೇ ಜಗಳದಲ್ಲಿ ಒಂದು ಕಡೆ ಸೇರಿಕೊಂಡಿದ್ದೀರಿ.

ಮೊದಲು ಒಂದು ತಪ್ಪು ತಿದ್ದಬೇಕು. ‘ಬಾಹುಬಲಿ’ಯಲ್ಲಿ ಕಟ್ಟಪ್ಪನ ಪಾತ್ರ ಮಾಡಿದ ತಮಿಳು ನಟ ಸತ್ಯರಾಜ್ 2017ರಲ್ಲಿ ಕನ್ನಡಿಗರ ವಿರುದ್ಧ ಮಾತಾಡಿದರು ಎಂದು ಬರೆದಿದ್ದೀರಿ. ಅವರು ಆ ಮಾತಾಡಿದ್ದು ಒಂಬತ್ತು ವರ್ಷ ಮೊದಲು. 2017ರ ಏಪ್ರಿಲ್‌ನಲ್ಲಿ ಅವರು ವಿಷಾದ ಹೇಳಿದರು, ಏಪ್ರಿಲ್ 28ಕ್ಕೆ ಸಿನಿಮಾ ಇಲ್ಲೂ ಬಿಡುಗಡೆಯಾಯಿತು. ಸಣ್ಣ ತಪ್ಪು ಅನ್ನಿಸಬಹುದು. ಆದರೆ ನಿಮ್ಮ ಲೇಖನದ ಬೀಗದ ಕೈ ಇರುವುದೇ ಇಲ್ಲಿ. ‘ಬಾಹುಬಲಿ’ ಮೊದಲ ಭಾಗ 2015ರಲ್ಲಿ ನಮ್ಮಲ್ಲಿ ಚೆನ್ನಾಗಿಯೇ ಓಡಿತಲ್ಲ. ಅದೇ ನಟ, ಅದೇ ಪಾತ್ರ, ಅದೇ ಹಳೆಯ ಮಾತು. ಮತ್ತೆ ಎರಡೇ ವರ್ಷದಲ್ಲಿ ಏನು ಬದಲಾಯಿತು?

ನನಗೆ ಕಾಣುವ ಉತ್ತರ 2016ರ ಸೆಪ್ಟೆಂಬರ್. ಹತ್ತು ದಿನ ತಮಿಳುನಾಡಿಗೆ ದಿನಕ್ಕೆ 15,000 ಕ್ಯುಸೆಕ್ ಕಾವೇರಿ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಗಾಯ ಹಸಿಯಾಗಿತ್ತು. ಹಳೆಯ ಮಾತು ಆಗ ಹೊಸದಾಗಿ ಕೇಳಿಸಿತು. ಅಂದರೆ ಸಿಟ್ಟು ಸಿನಿಮಾದಿಂದ ಹುಟ್ಟಿದ್ದಲ್ಲ. ಹುಟ್ಟಿ ದಾರಿ ಸಿಗದೆ ನಿಂತಿದ್ದ ಸಿಟ್ಟಿಗೆ ಸಿನಿಮಾ ಸಿಕ್ಕಿತು. ವರ್ಷ ಸರಿ ಇದ್ದಿದ್ದರೆ ಇದು ನಿಮಗೇ ಹೊಳೆಯುತ್ತಿತ್ತು. ಇಸವಿ ಪಕ್ಕಾ ಮಾಡಿಕೊಳ್ಳಿ ಎಂದು ನಾನು ಎಲ್ಲರಿಗೂ ಗಂಟು ಬೀಳುವುದು ಇದಕ್ಕೇ.

‘ಕಾಲಾ’ವನ್ನೂ ಹೀಗೇ ನೋಡಿ. ಕಾವೇರಿ ತೀರ್ಪನ್ನು ಕರ್ನಾಟಕ ಪಾಲಿಸಬೇಕು ಎಂದು ರಜನಿಕಾಂತ್ ಹೇಳಿದ್ದಕ್ಕೆ ಸಿನಿಮಾ ಬೇಡ ಎಂಬ ಕೂಗು ಎದ್ದಿತು. ಚಲನಚಿತ್ರ ವಾಣಿಜ್ಯ ಮಂಡಳಿಯೂ ದನಿಗೂಡಿಸಿತು. ಕೋರ್ಟಿಗೆ ಹೋಗಿ ಬಂದ ಮೇಲೆ ಜೂನ್ 7ಕ್ಕೆ ಬಿಡುಗಡೆ. ಇಷ್ಟು ನೀವು ಬರೆದಿದ್ದೀರಿ. ಬರೆಯದೆ ಬಿಟ್ಟಿದ್ದು ಇದು: ಅದಕ್ಕೆ ಆರು ದಿನ ಮೊದಲು, ಜೂನ್ 1ರಂದು, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಗಿತ್ತು. ಯಾವ ತಿಂಗಳು ಎಷ್ಟು ನೀರು ಹೋಗಬೇಕು ಎಂದು ನೋಡಿಕೊಳ್ಳುವುದು ಇನ್ನು ಅದು. ಅದು ಕೂರುವುದು ದೆಹಲಿಯಲ್ಲಿ. ಕಾವೇರಿ ನ್ಯಾಯಮಂಡಳಿ ನಮಗೆ 270 ಟಿಎಂಸಿ ನೀರು ಎಂದಿದ್ದನ್ನು ಸುಪ್ರೀಂ ಕೋರ್ಟ್ ಆ ಫೆಬ್ರವರಿಯಲ್ಲಷ್ಟೇ 284.75ಕ್ಕೆ ಏರಿಸಿತ್ತು. ಈ ಲೆಕ್ಕವನ್ನು ನಾಲೆಯ ಕೊನೆಯಲ್ಲಿ ಗದ್ದೆ ಇರುವವನು ಯಾರ ಹತ್ತಿರ ಹೋಗಿ ಕೇಳಬೇಕು? ದೆಹಲಿಯ ಕಚೇರಿ ಅವನಿಗೆ ಎಟುಕುವುದಿಲ್ಲ. ಥಿಯೇಟರ್ ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ಇದೆ. ಅದಕ್ಕೆ ಗೇಟಿದೆ, ಗೇಟು ಮುಚ್ಚಿಸಬಹುದು, ಮುಚ್ಚಿಸಿದರೆ ಸಂಜೆ ಟಿವಿಯಲ್ಲಿ ಬರುತ್ತದೆ. ಬುದ್ಧಿಯಿಲ್ಲದವರ ಕೆಲಸ ಇದಲ್ಲ. ಬೇರೆ ಬಾಗಿಲು ಕಾಣದವರ ಕೆಲಸ. ಆ ಬಾಗಿಲಲ್ಲಿ ತಮ್ಮ ಹೆಸರು ಬೆಳೆಸಿಕೊಳ್ಳುವವರೂ ನಿಂತಿರುತ್ತಾರೆ, ಅದನ್ನೂ ಬರೆಯಿರಿ. ಇಬ್ಬರನ್ನೂ ಒಂದೇ ಮಾತಿನಲ್ಲಿ ಬೈದು ಮುಗಿಸಬೇಡಿ.

ಇನ್ನೊಂದು. ‘ಕಾಲಾ’ ಬಗ್ಗೆ ಎರಡೂವರೆ ಪುಟ ಬರೆದಿದ್ದೀರಿ, ಆ ಸಿನಿಮಾದಲ್ಲಿ ಏನಿದೆ ಎಂದು ಒಂದು ಸಾಲೂ ಇಲ್ಲ. ಅದು ಮುಂಬೈಯ ಧಾರಾವಿಯ ಜನ ತಮ್ಮ ನೆಲ ಬಿಟ್ಟುಕೊಡುವುದಿಲ್ಲ ಎಂದು ನಿಲ್ಲುವ ಕಥೆ. ಮಂಡ್ಯದ ರೈತನಿಗೆ ಅರ್ಥವಾಗದ ಕಥೆಯೇ ಅದು? ಜಗಳ ದೊಡ್ಡದಾದಾಗ ಮೊದಲು ಕಳೆದುಹೋಗುವುದು ಆ ಕೃತಿ. ತಡೆದವರೂ ಅದನ್ನು ನೋಡಿರಲಿಲ್ಲ, ಸಮರ್ಥಿಸಿದ ನೀವೂ ಅದರ ಬಗ್ಗೆ ಮಾತಾಡಲಿಲ್ಲ.

‘ತಮಿಳುನಾಡಿನಲ್ಲಿ ಹೀಗೆಲ್ಲ ಆಗುವುದಿಲ್ಲ’ ಎಂಬ ಸಾಲು ತೆಗೆಯಿರಿ. ಅದೇ 2018ರ ಏಪ್ರಿಲ್‌ನಲ್ಲಿ ಕಾವೇರಿ ಹೆಸರಿನಲ್ಲೇ ಚೆನ್ನೈನ ಐಪಿಎಲ್ ಪಂದ್ಯಕ್ಕೆ ಪ್ರತಿಭಟನೆ ನಡೆಯಿತು, ಮೈದಾನಕ್ಕೆ ಚಪ್ಪಲಿ ಬಿತ್ತು, ಉಳಿದ ಪಂದ್ಯಗಳು ಪುಣೆಗೆ ಹೋದವು. ಅಲ್ಲಿ ಕ್ರಿಕೆಟ್, ಇಲ್ಲಿ ಸಿನಿಮಾ. ರಜನಿಕಾಂತ್ 2008ರಲ್ಲಿ ಹೊಗೇನಕಲ್ ನೀರಿನ ಯೋಜನೆಯ ವಿಷಯಕ್ಕೆ ಇಲ್ಲಿ ಬೈಸಿಕೊಂಡರು. ತಮ್ಮ ‘ಕುಸೇಲನ್’ ಸಿನಿಮಾದ ಬಿಡುಗಡೆಗೆಂದು ವಿಷಾದ ಹೇಳಿದರೆ ಅಲ್ಲಿ ಬೈಸಿಕೊಂಡರು. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲೇ ಬಸ್ ಕಂಡಕ್ಟರ್ ಆಗಿದ್ದ ಮನುಷ್ಯ. ಇದು ನಿಮ್ಮ ಲೇಖನದಲ್ಲಿ ಇರಲೇಬೇಕು.

‘ಥಗ್ ಲೈಫ್’ ಭಾಗ ಚಿಕ್ಕದು ಮಾಡಿ. ಕನ್ನಡ ತಮಿಳಿನಿಂದ ಹುಟ್ಟಿತು ಎಂದು ಕಮಲ್ ಹಾಸನ್ ಹೇಳಿದ್ದು ತಪ್ಪು. ಎರಡೂ ಒಂದೇ ಮೂಲದಿಂದ ಕವಲೊಡೆದ ಭಾಷೆಗಳು. ನೋವಾಗಿದ್ದು ಸಹಜ ಎಂದು ಧೈರ್ಯವಾಗಿ ಬರೆಯಿರಿ. ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ಸಿನಿಮಾವನ್ನು ಬೀದಿಯಲ್ಲಿ ತಡೆಯಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಸರಿ, ಅದನ್ನೂ ಬರೆಯಿರಿ. ಎರಡೂ ಒಟ್ಟಿಗೆ ನಿಜ ಆಗಿರಬಹುದು, ಅಲ್ವಾ?

ಸಿದ್ಧಾರ್ಥ್ ಪ್ರಸಂಗದಲ್ಲಿ ಶಿವರಾಜ್‌ಕುಮಾರ್ ಅವರನ್ನು ಬಿಟ್ಟಿದ್ದೀರಿ. ಪತ್ರಿಕಾಗೋಷ್ಠಿಯ ಮಾರನೇ ದಿನ ಬಂದ್. ಕಾವೇರಿಗಾಗಿ ಚಿತ್ರರಂಗ ನಡೆಸಿದ ಪ್ರತಿಭಟನೆಯಲ್ಲಿ ಕೂತು, ಅಲ್ಲಿಂದಲೇ ಅವರು ಸಿದ್ಧಾರ್ಥ್‌ಗೆ ಕ್ಷಮೆ ಕೇಳಿದರು. ನೀರೂ ಬೇಕು, ಮನೆಗೆ ಬಂದವರಿಗೆ ಹೀಗಾಗಬಾರದಿತ್ತು ಎಂಬುದೂ ಬೇಕು. ಇಂಥ ಒಬ್ಬ ಮನುಷ್ಯನಿಗೂ ನಿಮ್ಮ ಹನ್ನೆರಡು ಪುಟದಲ್ಲಿ ಜಾಗವಿಲ್ಲ. ‘ಸಾಂಸ್ಕೃತಿಕ ಧ್ರುವೀಕರಣ’ಕ್ಕೆ ಒಂಬತ್ತು ಕಡೆ ಜಾಗವಿದೆ.

ನಾನು ಇಷ್ಟು ಹಟ ಮಾಡುವುದಕ್ಕೆ ಕಾರಣವಿದೆ. 1991ರ ಡಿಸೆಂಬರ್‌ನಲ್ಲಿ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ನಮ್ಮ ವಠಾರದಲ್ಲಿ ಒಂದು ತಮಿಳು ಮನೆ ಇತ್ತು. ಆ ಮನೆಯ ಅಣ್ಣ ವಠಾರದ ಹುಡುಗರನ್ನೆಲ್ಲ ರಾಜ್‌ಕುಮಾರ್ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕಾವೇರಿ ಗಲಾಟೆಯ ಎರಡನೇ ರಾತ್ರಿ ಅವರು ಬೀಗ ಹಾಕಿ ಹೋದರು. ಮತ್ತೆ ಬರಲಿಲ್ಲ. ನೀರು ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬ ಲೆಕ್ಕ ನನಗೆ ಆಮೇಲೆ ಗೊತ್ತಾಯಿತು. ಆ ಬೀಗ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ.

ಈಗ ಒಂಬತ್ತನೇ ಪುಟ. 2023ರ ಆ ಬಂದ್ ದಿನ ನೀವು ಮೈಸೂರಿನಲ್ಲಿ ಸಿದ್ಧಾರ್ಥ್ ಸಿನಿಮಾಕ್ಕೆ ಬೆಳಗಿನ ಷೋ ಟಿಕೆಟ್ ತೆಗೆದಿದ್ದಿರಿ. ಷೋ ರದ್ದಾಯಿತು. ಅದೇ ಹೊತ್ತಿಗೆ ನಿಮ್ಮ ಅಪ್ಪ ಊರವರ ಜೊತೆ ಹೆದ್ದಾರಿಯಲ್ಲಿ ಕೂತಿದ್ದರು. ಸಂಜೆ ಫೋನಿನಲ್ಲಿ ಇಬ್ಬರಿಗೂ ಜಗಳ. ಆಗ ಅವರು ಭತ್ತದ ಒಟ್ಲು (ಸಸಿಮಡಿ) ನೆನೆದು ಹೇಳಿದ ಮಾತನ್ನು ನೀವು ಅವರ ಬಾಯಲ್ಲಿ ಬಂದ ಹಾಗೇ ಬರೆದಿದ್ದೀರಿ: ‘ಒಂದ್ ಪಿಚ್ಚರ್ ನಿಂತಿದ್ಕೆ ಇಷ್ಟ್ ಕ್ವಾಪ ಬತ್ತದಲ್ಲ ನಿಂಗೆ, ಒಟ್ಲು ಒಣಗ್ದಾಗ ಎಲ್ಲೋಗಿತ್ತು?’

ಓದಿ ನಾನು ಕಾಗದ ಕೆಳಗಿಟ್ಟೆ. ನೀವು ಮಾತ್ರ ಮುಂದಿನ ಸಾಲಿನಲ್ಲೇ ‘ಇದು ಭಾವನಾತ್ಮಕ ರಾಜಕಾರಣದ ಪರಿಣಾಮ’ ಎಂದು ಬರೆದು ಅಪ್ಪನ ಬಾಯಿ ಮುಚ್ಚಿಸಿದ್ದೀರಿ. ದಯವಿಟ್ಟು ಆ ಸಾಲು ಅಳಿಸಿ. ಅವರ ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಪ್ರಶ್ನೆಯನ್ನೂ ಅವರಿಗೆ ಕೇಳಿ: ಷೋ ನಿಂತಿದ್ದರಿಂದ ನಾಲೆಗೆ ನೀರು ಬಂತಾ? ಅವರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಲೇಖನ ಇರುವುದು ಅಲ್ಲಿ.

ಆ ಫೋನ್ ಜಗಳದಿಂದಲೇ ಶುರು ಮಾಡಿ. 1,200 ಪದ ಸಾಕು. ಊರಿಗೆ ಹೋಗಿ ಎರಡು ದಿನ ಇದ್ದು ಬನ್ನಿ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಮಾತಾಡಿಸಿ, ಆ ವರ್ಷ ಸರದಿಯ ಮೇಲೆ ಬಿಡುವ ಕಟ್ಟು ನೀರು ಎಷ್ಟು ಸಲ ಬಂತು ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಅಪ್ಪ ರಜನಿಕಾಂತ್ ಸಿನಿಮಾ ನೋಡಿದ್ದರಾ, ಯಾವುದು, ಯಾರ ಜೊತೆ, ಅದನ್ನೂ ಕೇಳಿ. ಕಬ್ಬು ಕಡಿಯುವ ಕೆಲಸ ಇದ್ದರೆ ಮುಗಿಸಿಕೊಂಡೇ ಕಳಿಸಿ. ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ