ಕೊಲೊರಾಡೋದಲ್ಲಿ ಶಿಕಾರಿಗೆ ಕರೆದಿದ್ದಾರೆ, ಹೋಗಲಾ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ನನಗೀಗ 46. ಕಾಲೇಜಿನ ಮೂವರು ಗೆಳೆಯರು ಅಮೆರಿಕದ ಕೊಲೊರಾಡೋ ರಾಜ್ಯದ ಡೆನ್ವರ್‌ನಲ್ಲಿದ್ದಾರೆ, ಮುಂದಿನ ನವೆಂಬರ್‌ನಲ್ಲಿ ಬಾ ಅನ್ನುತ್ತಿದ್ದಾರೆ. ಹಿಮ ಬಿದ್ದ ಬೆಟ್ಟದಲ್ಲಿ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಶಿಕಾರಿಯಂತೆ. ಖರ್ಚು ನಾಲ್ಕು ಪಾಲು, ಮಾಂಸವೂ ನಾಲ್ಕು ಪಾಲು. ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ, ಮಂಗ ಓಡಿಸಿ ಕೈ ಪಳಗಿದೆ. ಒಬ್ಬನ ಲೈಸೆನ್ಸ್ ಇದ್ದರೆ ನಾಲ್ವರೂ ಹೊಡೆಯಬಹುದಾ? ಚಳಿಗೆ ಏನು ಮಾಡಲಿ?
– ಹೆಸರು ಬೇಡ, ಶಿರಸಿ

ಉತ್ತರ: ಹೋಗಿ ಮಾರಾಯ್ರೆ. ಆದರೆ ಮೊದಲ ಸಲ ಕೋವಿ ಇಲ್ಲದೆ ಹೋಗಿ. ಯಾಕೆ ಅಂತ ಹೇಳುತ್ತೇನೆ.

ಒಬ್ಬನ ಲೈಸೆನ್ಸ್ ಮೇಲೆ ಇನ್ನೊಬ್ಬ ಹೊಡೆಯುವ ಹಾಗೆ ಇಲ್ಲವೇ ಇಲ್ಲ. ನಮ್ಮ ಕಡೆ ಹಳೇ ಕಾಲದ ಶಿಕಾರಿ ನೆನಪಿರುವವರಿಗೆ ಇದು ವಿಚಿತ್ರ ಅನಿಸುತ್ತದೆ. ಹತ್ತು ಜನ ಪ್ರಾಣಿಯನ್ನು ಸೋವಿಕೊಂಡು (ಓಡಿಸಿಕೊಂಡು) ಬರೋದು, ಯಾರ ಮುಂದೆ ಬಂತೋ ಅವನು ಈಡು ಹಾಕೋದು, ಆಮೇಲೆ ಎಲ್ಲರಿಗೂ ಪಾಲು. ಅಲ್ಲಿ ಹಾಗಲ್ಲ. ಲೈಸೆನ್ಸ್ ಜೊತೆ ಟ್ಯಾಗ್ ಅನ್ನೋ ಚೀಟಿ ಬರುತ್ತದೆ. ಒಂದು ಟ್ಯಾಗ್‌ಗೆ ಒಂದು ಪ್ರಾಣಿ, ಟ್ಯಾಗ್ ಯಾರ ಹೆಸರಿನಲ್ಲಿದೆಯೋ ಅವನೇ ಹೊಡೆಯಬೇಕು, ಹೊಡೆದ ಮೇಲೆ ಅದನ್ನು ಪ್ರಾಣಿಗೆ ಕಟ್ಟಬೇಕು. ಗಂಡೋ ಹೆಣ್ಣೋ ಅಂತ ತೋರಿಸುವ ಗುರುತನ್ನೂ ಮಾಂಸದಿಂದ ಕತ್ತರಿಸಿ ಬಿಸಾಕುವಂತಿಲ್ಲ. ಮಾಂಸ ಹಂಚಿಕೊಳ್ಳಬಹುದು. ಮಾರುವ ಹಾಗಿಲ್ಲ.

ನೀವೇ ಹೊಡೆಯಬೇಕು ಅಂದರೆ ದಾರಿ ಉದ್ದ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಕೊಲೊರಾಡೋದಲ್ಲಿ ಶಿಕಾರಿ ತರಬೇತಿಯ ಕಾರ್ಡ್ ಕಡ್ಡಾಯ. ಒಳ್ಳೆ ಜಾಗದ ಎಲ್ಕ್ ಲೈಸೆನ್ಸ್‌ಗೆ ಏಪ್ರಿಲ್ ಶುರುವಿನಲ್ಲೇ ಅರ್ಜಿ ಹಾಕಬೇಕು, ಅದೂ ಲಾಟರಿ. ಹೊರಗಿನವರಿಗೆ ಶುಲ್ಕವೂ ಜಾಸ್ತಿ, ನೂರಾರು ಡಾಲರ್. ಇನ್ನೊಂದು ಮಾತು, ಇದನ್ನು ಗೆಳೆಯರು ಹೇಳಿರಲಿಕ್ಕಿಲ್ಲ. ಪ್ರವಾಸಿ ವೀಸಾ ಮೇಲೆ ಹೋದವರು ಆ ದೇಶದಲ್ಲಿ ಬಂದೂಕು ಹಿಡಿಯೋದೇ ಅಪರಾಧ. ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇದ್ದವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಲೈಸೆನ್ಸ್ ಇಲ್ಲದೆ, ಸುಮ್ನೆ ಫೋಟೋಕ್ಕೆ ಅಂತಲೂ ಅವರ ರೈಫಲ್ ಮುಟ್ಟಬೇಡಿ.

ನಾನು ಕೆಲಸಕ್ಕೆ ಅಂತ ಅಲ್ಲಿ ಕೆಲವು ವರ್ಷ ಇದ್ದಾಗ ಒಮ್ಮೆ ಹೋಗಿದ್ದೆ. ನಾವೂ ನಾಲ್ವರೇ. ಮೂರನೇ ದಿನ ಸಂಜೆ ನಾಲ್ಕರ ಹೊತ್ತಿಗೆ ಒಬ್ಬ ಗೆಳೆಯ ಡೇರೆಯಿಂದ ಬಹಳ ಕೆಳಗೆ, ಒಂದು ಕೊರಕಲಿನಲ್ಲಿ ನಿಂತಿದ್ದ ಗಂಡು ಎಲ್ಕ್‌ಗೆ ಹೊಡೆದ. ಒಂದೇ ಗುಂಡು, ಅಲ್ಲೇ ಬಿತ್ತು. ನಾವೆಲ್ಲ ಕುಣಿದೆವು. ಹತ್ತಿರ ಹೋಗಿ ನೋಡಿದ ಮೇಲೆ ಯಾರೂ ಕುಣಿಯಲಿಲ್ಲ. ಬೆಳೆದ ಗಂಡು ಎಲ್ಕ್ ಅಂದರೆ 300 ಕೆಜಿ ಮೇಲೆ! ಮಗ್ಗುಲು ಹೊರಳಿಸಲಿಕ್ಕೇ ಮೂರು ಜನ ಬೇಕಾಯಿತು.

ಹಿಮದಲ್ಲಿ ಬಿದ್ದಿದೆಯಲ್ಲ, ಬೆಳಿಗ್ಗೆ ಬಂದು ನೋಡೋಣ ಅಂದೆ ನಾನು. ನನ್ನ ದಡ್ಡತನ. ಅದರ ಚರ್ಮ, ಕೂದಲು ಎಷ್ಟು ದಪ್ಪ ಅಂದರೆ ಒಳಗಿನ ಶಾಖ ಹೊರಗೆ ಬರೋದೇ ಇಲ್ಲ, ಹೊರಗೆ ಹಿಮ ಇದ್ದರೂ ತೊಡೆಯ ಮೂಳೆ ಸುತ್ತ ಮಾಂಸ ಹಳಸುತ್ತದೆ. ತಿನ್ನುವ ಮಾಂಸ ಕಾಡಲ್ಲಿ ಹಾಳು ಬಿಟ್ಟರೆ ಅದೂ ಅಪರಾಧ. ಹಾಗಾಗಿ ತಲೆಗೆ ಕಟ್ಟಿದ ಟಾರ್ಚ್ ಬೆಳಕಿನಲ್ಲಿ ಚರ್ಮ ಸುಲಿದು, ಕಾಲು ಬಿಡಿಸಿ, ಗಾಳಿಯಾಡುವ ಬಟ್ಟೆ ಚೀಲಕ್ಕೆ ತುಂಬಿ ಮರಕ್ಕೆ ಕಟ್ಟಿದೆವು. ಬೆರಳು ಮರಗಟ್ಟಿ ಚಾಕು ಹಿಡಿಯಲಿಕ್ಕೆ ಆಗದಿದ್ದಾಗ ಪ್ರಾಣಿಯ ಹೊಟ್ಟೆಯೊಳಗೆ ಕೈಯಿಟ್ಟು ಬಿಸಿ ಮಾಡಿಕೊಳ್ಳುತ್ತಿದ್ದೆವು. ಹಬೆ ಏಳುತ್ತಿತ್ತು. ಆ ವಾಸನೆ ಈಗಲೂ ಮೂಗಲ್ಲಿದೆ.

ಆಮೇಲೆ ಹೊರೋದು. ಒಂದೊಂದು ಹಿಂಗಾಲು 25 ಕೆಜಿ ಅಕ್ಕಿ ಚೀಲಕ್ಕಿಂತ ಭಾರ. ಅದನ್ನು ಬೆನ್ನಿಗೆ ಹಾಕಿಕೊಂಡು ಮೊಣಕಾಲು ಮಟ್ಟದ ಹಿಮದಲ್ಲಿ ಏರು ಹತ್ತಬೇಕು. ಆ ರಾತ್ರಿ ಒಂದು ಸಲ, ಮರುದಿನ ಎರಡು ಸಲ ಹೋಗಿ ಬಂದೆವು. ನಾಲ್ಕನೆಯವನು ಮಂಡಿ ನೋವು ಅಂತ ಡೇರೆಯಲ್ಲೇ ಮಲಗಿದ್ದ, ಪಾಲು ಮಾಡುವಾಗ ಮಾತ್ರ ಮೊದಲು ಎದ್ದು ಬಂದ. ಬಾಯಿಬಿಟ್ಟು ಯಾರೂ ಜಗಳ ಆಡಲಿಲ್ಲ. ಆದರೆ ಡೆನ್ವರ್ ತಲುಪುವವರೆಗೆ ಕಾರಿನಲ್ಲಿ ಯಾರೂ ಮಾತೂ ಆಡಲಿಲ್ಲ.

ಅದಕ್ಕೇ ಖರ್ಚಿನ ಪಾಲಿಗಿಂತ ಮೊದಲು ಹೊರೆಯ ಪಾಲು ಮಾತಾಡಿಕೊಳ್ಳಿ. ಯಾರು ಎಷ್ಟು ಹೊರಬಲ್ಲರು, ಡೇರೆಯಿಂದ ಎಷ್ಟು ದೂರದವರೆಗೆ ಹೊಡೆಯೋದು, ಮಧ್ಯಾಹ್ನ ಎಷ್ಟು ಗಂಟೆ ಮೇಲೆ ಬೇಡ. ಇಷ್ಟನ್ನು ಮನೆಯಲ್ಲಿ ಚಹಾ ಕುಡಿಯುತ್ತ ತೀರ್ಮಾನ ಮಾಡಿ. ಎಲ್ಕ್ ಎದುರಿಗೆ ಬಂದ ಮೇಲೆ ಯಾರಿಗೂ ಬುದ್ಧಿ ಇರೋದಿಲ್ಲ. ಕೋವಿ ಇಲ್ಲದೆ ಹೋಗಿ ಅಂದಿದ್ದೂ ಇದಕ್ಕೇ. ಹೊರಲಿಕ್ಕೆ, ಗಂಜಿ ಬೇಯಿಸಲಿಕ್ಕೆ ಒಬ್ಬ ಇದ್ದರೆ ಅವನೇ ಆ ತಂಡದ ರಾಜ.

ಚಳಿಗಿಂತ ಬೆವರಿಗೆ ಹೆದರಿ. ಹತ್ತಿ ಬನಿಯನ್ ಬೇಡ, ಒದ್ದೆಯಾದರೆ ಒಣಗದೆ ಮೈಯನ್ನೇ ತಣ್ಣಗೆ ಮಾಡುತ್ತದೆ. ಉಣ್ಣೆಯದು ಹಾಕಿ, ಹತ್ತುವಾಗ ಜಾಕೆಟ್ ತೆಗೆದಿಡಿ, ನಿಂತಾಗ ಹಾಕಿಕೊಳ್ಳಿ. ಮೇಲೆ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಅಂಗಿ, ಟೋಪಿ ಇರಲಿ. ರೈಫಲ್ ಸೀಸನ್‌ನಲ್ಲಿ ಶಿಕಾರಿಯವರಿಗೆ ಅದು ಕಡ್ಡಾಯ, ಜೊತೆಗಿರುವ ನಿಮಗೂ ಜೀವಕ್ಕೆ ಒಳ್ಳೇದು. ನೀರಿನ ಬಾಟಲಿ ತಲೆಕೆಳಗಾಗಿ ಇಡಿ. ನೀರು ಮೇಲಿಂದ ಹೆಪ್ಪುಗಟ್ಟುತ್ತದೆ, ತಲೆಕೆಳಗಿದ್ದರೆ ಮುಚ್ಚಳದ ಕಡೆ ಕುಡಿಯಲು ನೀರು ಉಳಿದಿರುತ್ತದೆ. ಶಿರಸಿ ಇರೋದು ಸುಮಾರು 600 ಮೀಟರ್ ಎತ್ತರದಲ್ಲಿ, ಡೆನ್ವರ್ 1,600, ಎಲ್ಕ್ ಇರುವ ಬೆಟ್ಟ 3,000ದ ಹತ್ತಿರ. ದೇವಿಮನೆ ಘಟ್ಟ ಹತ್ತುತ್ತೇನೆ ಅನ್ನೋ ಜಂಬ ಅಲ್ಲಿ ನಡೆಯೋದಿಲ್ಲ. ಡೆನ್ವರ್‌ನಲ್ಲಿ ಎರಡು ಮೂರು ದಿನ ಇದ್ದು ಮೇಲೆ ಹೋಗಿ. ತಲೆನೋವು, ವಾಂತಿ ಜಾಸ್ತಿಯಾದರೆ ಇಳಿದು ಬನ್ನಿ.

ವಾಪಸ್ ಬಂದ ಮೇಲೆ ಆ ಹುಮ್ಮಸ್ಸಿನಲ್ಲಿ ಇಲ್ಲಿ ಕಡವೆ ಕಡೆ ಕೋವಿ ತಿರುಗಿಸಬೇಡಿ, ಆಯ್ತಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೊತ್ತೇ ಇದೆಯಲ್ಲ.

ಪ್ರಶ್ನೆ: ಎಲ್ಕ್ ಅಂದರೆ ನಮ್ಮ ಕಡವೆಯೇ ಅಲ್ವಾ?
– ವಿದ್ಯಾರ್ಥಿ, ಕುಮಟಾ

ಉತ್ತರ: ಅಲ್ಲ, ಆದರೆ ಒಂದೇ ಕುಟುಂಬ. ಗೊಂದಲ ಹಳೇದು. ಸಿಲೋನಿನ ಬ್ರಿಟಿಷ್ ಶಿಕಾರಿಗಳು ಕಡವೆಯನ್ನೇ ಎಲ್ಕ್ ಅನ್ನುತ್ತಿದ್ದರು. ಯುರೋಪಿನಲ್ಲಿ ಎಲ್ಕ್ ಅಂದರೆ ಮೂಸ್ ಅನ್ನೋ ಇನ್ನೊಂದು ದೊಡ್ಡ ಜಿಂಕೆ. ಕೊಂಬು ನೋಡಿ. ಕಡವೆಗೆ ಒಂದೊಂದು ಕೊಂಬಿಗೆ ಮೂರು ಕವಲು, ಬೆಳೆದ ಅಮೆರಿಕದ ಎಲ್ಕ್‌ಗೆ ಸಾಮಾನ್ಯವಾಗಿ ಆರು.

ಪ್ರಶ್ನೆ: ಡೆನ್ವರ್‌ನಲ್ಲಿ ಮಗನ ಮನೆಗೆ ಬಂದಿದ್ದೇನೆ. ಅವನ ಗೆಳೆಯರು ಎಲ್ಕ್ ಮಾಂಸ ತಂದುಕೊಟ್ಟಿದ್ದಾರೆ. ನಮ್ಮ ಹಾಗೆ ಸುಕ್ಕೆ ಮಾಡಿದರೆ ಚರ್ಮದ ಚಪ್ಪಲಿ ಹಾಗಾಯಿತು!
– ಕಾರವಾರದ ಅಮ್ಮ

ಉತ್ತರ: ಅಕ್ಕಾ, ಅದರಲ್ಲಿ ಕೊಬ್ಬು ತೀರಾ ಕಡಿಮೆ, ಅದಕ್ಕೇ ಗಟ್ಟಿಯಾಗಿದ್ದು. ಬೆನ್ನಿನ ಮಾಂಸವಾದರೆ ಜಾಸ್ತಿ ಹೊತ್ತು ಬೇಯಿಸಬೇಡಿ, ತುಪ್ಪದಲ್ಲಿ ಹುರಿದು ಇಳಿಸಿ. ಕಾಲಿನ ಮಾಂಸವಾದರೆ ಕುಕ್ಕರಿಗೆ ಹಾಕಿ, ಮೆತ್ತಗಾಗುವವರೆಗೂ ಬಿಡಿ, ಆಮೇಲೆ ಕಾಯಿ ಮಸಾಲೆ, ಮುರುಗಲ ಹುಳಿ. ಗುಂಡು ತಾಗಿದ ಸುತ್ತಿನ ಮಾಂಸ ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಸೀಸದ ಚೂರು ಇರಬಹುದು. ಅಲ್ಲಿನ ಜಿಂಕೆ, ಎಲ್ಕ್‌ಗಳಿಗೆ ಬಡಕಲಾಗುವ ಒಂದು ಕಾಯಿಲೆ ಇದೆ, ಬೇಯಿಸಿದರೂ ಅದರ ಅಂಶ ಹೋಗೋದಿಲ್ಲ. ಎಲ್ಕ್ ತಲೆಯನ್ನು ಆ ಕಾಯಿಲೆಯ ಪರೀಕ್ಷೆಗೆ ಕೊಟ್ಟಿದ್ದಿರಾ ಅಂತ ಆ ಹುಡುಗರನ್ನು ಕೇಳಿ. ಫಲಿತಾಂಶ ಬರುವವರೆಗೆ ಉಳಿದದ್ದು ಫ್ರೀಜರ್‌ನಲ್ಲೇ ಇರಲಿ.