ಫ್ಲಿಪ್ಪರ್ ಎಡಗಡೆ ಸೋತಿದೆ, ಬಲಗಡೆ ಪಟಪಟ ಬಡಿಯುತ್ತದೆ: ಕಾಯಿಲ್ ತರಿಸುವ ಮೊದಲು ನೋಡಬೇಕಾದದ್ದು

ಸರ್, ನಿಮ್ಮ ಪ್ರಶ್ನೆ ಇಷ್ಟು: 1970ರ ದಶಕದ ಬ್ಯಾಲಿ ಪಿನ್‌ಬಾಲ್, ಅಂದರೆ ಇಳಿಜಾರು ಹಲಗೆಯ ಮೇಲೆ ಚೆಂಡು ಹೊಡೆದು ಆಡುವ ಯಂತ್ರ, ರಿಲೇಗಳ (ಕರೆಂಟಿನಿಂದ ನಡೆಯುವ ಸ್ವಿಚ್ಚುಗಳ) ಮೇಲೆ ನಡೆಯುವ ಹಳೆಯ ಮಾದರಿ. ಎಡಗಡೆಯ ಫ್ಲಿಪ್ಪರ್ (ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ಕೈ) ಹೊಡೆದರೆ ಚೆಂಡು ಅರ್ಧ ಹಲಗೆಯನ್ನೂ ಏರುವುದಿಲ್ಲ. ಬಲಗಡೆಯದು ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಏರಿ ಇಳಿದು ಪಟಪಟ ಬಡಿದುಕೊಳ್ಳುತ್ತದೆ. ಎರಡಕ್ಕೂ ಹೊರದೇಶದಿಂದ ಹೊಸ ಕಾಯಿಲ್ (ಫ್ಲಿಪ್ಪರನ್ನು ಎಳೆದು ಏರಿಸುವ ತಂತಿ ಸುರುಳಿಯ ವಿದ್ಯುತ್ಕಾಂತ) ತರಿಸಲೇ ಎಂದು ಕೇಳಿದ್ದೀರಿ.

ಇನ್ನೂ ತರಿಸಬೇಡಿರಿ. ಎಡಗಡೆಯ ಕಾಯಿಲ್ ಬಹುತೇಕ ಚೆನ್ನಾಗಿಯೇ ಇರುತ್ತದೆ. ಬಲಗಡೆಯದರಲ್ಲಿ ತೆಳು ತಂತಿ ಕಡಿದಿರುವ ಸಂಭವ ಹೆಚ್ಚು, ಅದೂ ಸಾಮಾನ್ಯವಾಗಿ ಬೆಸುಗೆಗೆ ಸಿಗುವ ಜಾಗದಲ್ಲೇ.

ಯಾಕೆ ಅಂತ ಹೇಳುತ್ತೇನೆ. ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುರುಳಿ ಇರುತ್ತವೆ. ಒಂದು ದಪ್ಪ ತಂತಿಯದು, ಸುತ್ತು ಕಡಿಮೆ, ರೋಧ ಎರಡರಿಂದ ಐದು ಓಮ್. ಚೆಂಡಿಗೆ ಬೀಳುವ ಹೊಡೆತ ಇದರದು. ಇನ್ನೊಂದು ಕೂದಲಿನಂಥ ತೆಳು ತಂತಿಯದು, ಸಾವಿರಾರು ಸುತ್ತು, ರೋಧ ಹತ್ತಾರು ಓಮ್‌ನಿಂದ ನೂರಾರು ಓಮ್‌ವರೆಗೆ. ಏರಿದ ಫ್ಲಿಪ್ಪರನ್ನು ಮೇಲೆ ಹಿಡಿದಿಡುವುದಷ್ಟೇ ಇದರ ಕೆಲಸ. ಈ ತೆಳು ಸುರುಳಿಗೆ ಅಡ್ಡಲಾಗಿ ಎಂಡ್ ಆಫ್ ಸ್ಟ್ರೋಕ್ ಸ್ವಿಚ್ ಇರುತ್ತದೆ. ನಾವು ಇಒಎಸ್ ಅನ್ನುತ್ತೇವೆ. ಫ್ಲಿಪ್ಪರ್ ಕೆಳಗಿದ್ದಾಗ ಇಒಎಸ್ ಮುಚ್ಚಿರುತ್ತದೆ, ಕರೆಂಟ್ ತೆಳು ಸುರುಳಿಯನ್ನು ಬಿಟ್ಟು ದಪ್ಪದರಲ್ಲಿ ಮಾತ್ರ ಹರಿಯುತ್ತದೆ. ಫ್ಲಿಪ್ಪರ್ ಪೂರ್ತಿ ಏರಿದ ಕೂಡಲೇ ಸ್ವಿಚ್ ತೆರೆಯುತ್ತದೆ. ಆಗ ಕರೆಂಟ್ ಎರಡನ್ನೂ ಹಾಯ್ದು ಹೋಗಬೇಕು, ಹಾಗಾಗಿ ಅಗದಿ ಕಡಿಮೆಯಾಗುತ್ತದೆ. ಗುಂಡಿಯನ್ನು ಹಿಡಿದುಕೊಂಡು ನಿಂತರೂ ಕಾಯಿಲ್ ಸುಡದಿರುವುದು ಇದರಿಂದಲೇ.

ನಿಮ್ಮ ಎರಡೂ ತೊಂದರೆ ಇಲ್ಲಿಂದಲೇ ತಿಳಿಯುತ್ತವೆ. ಇಒಎಸ್ ಹೊಲಸಾಗಿ ಸರಿಯಾಗಿ ಮುಚ್ಚದಿದ್ದರೆ ಮೊದಲಿನಿಂದಲೇ ತೆಳು ಸುರುಳಿ ಮಧ್ಯೆ ಬಂದು ಹೊಡೆತ ಸೋಲುತ್ತದೆ: ನಿಮ್ಮ ಎಡಗಡೆ. ತೆಳು ತಂತಿ ಕಡಿದಿದ್ದರೆ ಇಒಎಸ್ ತೆರೆದ ಕ್ಷಣ ಕರೆಂಟೇ ನಿಂತು ಫ್ಲಿಪ್ಪರ್ ಬೀಳುತ್ತದೆ, ಬಿದ್ದಾಗ ಇಒಎಸ್ ಮತ್ತೆ ಮುಚ್ಚಿ ಏರುತ್ತದೆ: ನಿಮ್ಮ ಬಲಗಡೆ. ಇಒಎಸ್ ತೆರೆಯದೇ ಹೋದರೆ ಮಾತ್ರ ಕಾಯಿಲ್ ನಿಜವಾಗಿ ಸುಡುತ್ತದೆ. ಸುಟ್ಟ ವಾಸನೆ ಬಂದರೆ ಆ ಕ್ಷಣ ಆಫ್ ಮಾಡಿರಿ.

ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿರಿ. ಯಂತ್ರದ ಸ್ವಿಚ್ ಆಫ್ ಮಾಡಿದರೆ ಸಾಲದು, ಫ್ಯೂಸ್ ಮತ್ತು ಟ್ರಾನ್ಸ್‌ಫಾರ್ಮರ್ ಹತ್ತಿರ ಮೇನ್ ಲೈನ್ ಹಾಗೇ ಇರುತ್ತದೆ. ಈ ಮಾದರಿಯಲ್ಲಿ ಕಾಯಿಲ್‌ಗೆ ಬರುವ 50 ವೋಲ್ಟ್ ಕೂಡ ಬೆವರಿದ ಕೈಗೆ ಚೆನ್ನಾಗಿಯೇ ಹೊಡೆಯುತ್ತದೆ.

ಮೊದಲು ಬಲಗಡೆ. ಪ್ಲೇಫೀಲ್ಡ್ (ಆಟದ ಹಲಗೆ) ಎತ್ತಿ ನಿಲ್ಲಿಸಿ ಕಾಯಿಲ್‌ನ ಮೂರು ಟ್ಯಾಗ್ (ತಂತಿ ಬೆಸೆಯುವ ಲೋಹದ ತುದಿ) ನೋಡಿರಿ. ಒಂದಕ್ಕೆ ದಪ್ಪ ತಂತಿ ಮಾತ್ರ, ಒಂದಕ್ಕೆ ತೆಳು ಮಾತ್ರ, ಒಂದಕ್ಕೆ ಎರಡೂ. ಯಾವುದು ಎಲ್ಲಿದೆ ಎಂಬುದನ್ನು ಕಣ್ಣಿನಿಂದ ಖಾತ್ರಿ ಮಾಡಿಕೊಳ್ಳಿರಿ, ಎಲ್ಲ ಕಾಯಿಲ್‌ನಲ್ಲೂ ಕ್ರಮ ಒಂದೇ ಇರುವುದಿಲ್ಲ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿರಿ. ಇಒಎಸ್ ಪಾಯಿಂಟ್‌ಗಳ (ಸ್ವಿಚ್ಚಿನಲ್ಲಿ ಒಂದಕ್ಕೊಂದು ತಾಗುವ ಲೋಹದ ಮೊನೆಗಳ) ನಡುವೆ ದಪ್ಪ ಕಾಗದದ ತುಂಡು ಸಿಗಿಸಿರಿ, ಇಲ್ಲದಿದ್ದರೆ ಮೀಟರ್ ಸ್ವಿಚ್ಚನ್ನೇ ಅಳೆಯುತ್ತದೆ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ತೋರಿಸುವ ಓಮ್ ಎಷ್ಟೋ ಅಷ್ಟನ್ನು ಪ್ರತಿ ಅಳತೆಯಿಂದ ಕಳೆಯಿರಿ. ಅಗ್ಗದ ಮೀಟರಿನಲ್ಲಿ ಅದೇ ಅರ್ಧ ಓಮ್ ಇರಬಹುದು, ಮೂರು ಓಮ್ ಅಳೆಯುವಾಗ ಅದು ಸಣ್ಣದಲ್ಲ. ದಪ್ಪ ಮತ್ತು ಜೋಡು ಟ್ಯಾಗ್ ನಡುವೆ ಕೆಲವು ಓಮ್ ಬರಬೇಕು. ತೆಳು ಮತ್ತು ಜೋಡು ಟ್ಯಾಗ್ ನಡುವೆ 200 ಓಮ್ ಮೇಲಿನ ರೇಂಜಿನಲ್ಲೂ ಏನೂ ಬರದಿದ್ದರೆ ತಂತಿ ಕಡಿದಿದೆ.

ಎಲ್ಲಿ ಕಡಿದಿದೆ? ಫ್ಲಿಪ್ಪರ್ ಬಡಿತಕ್ಕೆ ಟ್ಯಾಗ್‌ನ ಬುಡದಲ್ಲೇ ತಂತಿ ಬಾಗಿ ಬಾಗಿ ಕಡಿಯುವುದು ಹೆಚ್ಚು. ಹೊರಗೆ ತುದಿ ಸಿಕ್ಕರೆ ನಯವಾದ ಎಮರಿ ಕಾಗದದಿಂದ ಎನಾಮಲ್ ಉಜ್ಜಿ ತೆಗೆಯಿರಿ. ಬ್ಲೇಡ್ ಬೇಡ, ಗೀರು ಬಿದ್ದಲ್ಲಿ ಮತ್ತೆ ಕಡಿಯುತ್ತದೆ. ತಾಮ್ರ ಸುತ್ತಲೂ ಹೊಳೆದ ಮೇಲೆ ತುದಿಗೆ ಮೊದಲು ಸೀಸ ಹಿಡಿಸಿ, ಆಮೇಲೆ ಟ್ಯಾಗ್‌ಗೆ ಬೆಸೆಯಿರಿ. ತಂತಿ ಬಿಗಿಯಾಗಿ ಎಳೆದಿರಬಾರದು, ಸಣ್ಣ ಬಾಗು ಬಿಡಿರಿ. ಉದ್ದ ಸಾಲದಿದ್ದರೆ ವಯರಿನ ಒಂದು ಎಳೆ ಸೇರಿಸಿ ಸ್ಲೀವಿಂಗ್ ಹಾಕಿರಿ.

ತೆಳು ಸುರುಳಿ ಸರಿಯಾಗಿದ್ದೂ ಪಟಪಟ ನಿಲ್ಲದಿದ್ದರೆ ಇಒಎಸ್ ಬೇಗ ತೆರೆಯುತ್ತಿರಬಹುದು. ಪ್ಲಂಜರ್ (ಕಾಯಿಲ್ ತನ್ನೊಳಗೆ ಎಳೆದುಕೊಳ್ಳುವ ಕಬ್ಬಿಣದ ಕಡ್ಡಿ) ಪೂರ್ತಿ ಒಳಗೆ ಬರುವ ಮೊದಲೇ ತೆರೆದರೆ, ದೂರದಿಂದ ಅದನ್ನು ಹಿಡಿದಿಡುವ ಬಲ ತೆಳು ಸುರುಳಿಗೆ ಇಲ್ಲ.

ಈಗ ಎಡಗಡೆ. ಇಲ್ಲಿ ಮೀಟರಿಗಿಂತ ಬೆರಳು ಮೊದಲು. ಪ್ಲಗ್ ಕಿತ್ತೇ ಇರಲಿ, ಫ್ಲಿಪ್ಪರನ್ನು ಬೆರಳಿನಿಂದ ನಿಧಾನ ಎತ್ತಿ ಬಿಡಿರಿ. ಎಲ್ಲಿಯೂ ತಡೆಯದೆ ಏರಿ, ಸ್ಪ್ರಿಂಗ್ ಎಳೆತಕ್ಕೆ ಟಪ್ಪನೆ ಇಳಿಯಬೇಕು. ಉಜ್ಜಿದಂತೆ ಅನಿಸಿದರೆ ಮೊದಲು ಫ್ಲಿಪ್ಪರನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿರಿ, ಮುಕ್ಕಾಲು ಮಿಲಿಮೀಟರಿನಷ್ಟು ಆಟ (ಸಡಿಲು) ಬೇಕು. ಆಟವೇ ಇಲ್ಲದಿದ್ದರೆ ಅದು ಬುಶ್ ಮೇಲೆ ಉಜ್ಜುತ್ತಿದೆ. ಕೆಳಗಿನ ಕ್ರ್ಯಾಂಕ್ ಬೋಲ್ಟ್ ಸಡಿಲಿಸಿ ಹೊಂದಿಸಿರಿ. ಈ ಬೋಲ್ಟ್‌ಗಳು ಇಂಚಿನ ಅಳತೆಯವು. ಮಿಲಿಮೀಟರ್ ಕೀ ಹಾಕಿ ತಿರುವಿದರೆ ತಲೆ ಸವೆಯುತ್ತದೆ, ಇಂಚಿನ ಸೆಟ್ ಒಂದು ತೆಗೆದುಕೊಂಡರೆ ಕೆಲಸಕ್ಕೆ ಬರುತ್ತದೆ.

ಆಮೇಲೆ ಕಾಯಿಲ್ ಬಿಚ್ಚಿ ಪ್ಲಂಜರ್ ಹೊರಗೆ ತೆಗೆಯಿರಿ. ಪ್ಲಂಜರ್ ತುದಿ ಬಡಿತಕ್ಕೆ ಅಣಬೆಯಂತೆ ಅರಳಿದ್ದರೆ ಸ್ಲೀವ್ (ಪ್ಲಂಜರ್ ಓಡಾಡುವ ಕೊಳವೆ) ಒಳಗೆ ಕಚ್ಚುತ್ತದೆ. ಅರಳಿದ ಅಂಚನ್ನು ಅರದಿಂದ ಉಜ್ಜಿ ತೆಗೆಯಿರಿ, ಬಹಳ ಸವೆದಿದ್ದರೆ ಬದಲಿಸಿರಿ. ನೈಲಾನ್ ಸ್ಲೀವ್ ಕಪ್ಪಾಗಿದ್ದರೆ ಹೊಸದು ಹಾಕುವುದೇ ಸರಿ. ಹಳೆಯ ಸ್ಲೀವ್ ಕಾಯಿಲ್‌ನಿಂದ ಹೊರಗೇ ಬರದಿದ್ದರೆ ಕಾಯಿಲ್ ಒಮ್ಮೆ ಕಾದು ಬಾಬಿನ್ (ತಂತಿ ಸುತ್ತಿದ ಉರುಳೆ) ಕುಗ್ಗಿದೆ ಎಂದು ಅರ್ಥ, ಆಗ ಮಾತ್ರ ಕಾಯಿಲ್ ಬದಲಿಸುವ ಮಾತು. ಪ್ಲಂಜರನ್ನು ಫ್ಲಿಪ್ಪರಿಗೆ ಜೋಡಿಸುವ ಲಿಂಕಿನ ತೂತು ಉದ್ದುದ್ದವಾಗಿ ಸವೆದಿದ್ದರೆ ಅರ್ಧ ಹೊಡೆತ ಆ ಸಡಿಲಿನಲ್ಲೇ ಹೋಗುತ್ತದೆ. ಹೊಸ ಲಿಂಕ್ ಬರುವವರೆಗೆ ಅದೇ ದಪ್ಪದ ಹೈಲಂ (ಗಟ್ಟಿ ಲ್ಯಾಮಿನೇಟ್) ಶೀಟ್ ಕತ್ತರಿಸಿ ಮಾಡಿಕೊಳ್ಳಬಹುದು, ಹಳೆಯದನ್ನೇ ಅಚ್ಚಾಗಿ ಇಟ್ಟು ತೂತು ಕೊರೆಯಿರಿ. ಪ್ಲಂಜರನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಲೇತ್‌ನಲ್ಲಿ ಮಾಡಿಸುವುದಾದರೆ ಮೈಲ್ಡ್ ಸ್ಟೀಲ್ ಎಂದೇ ಹೇಳಿರಿ. ಗಟ್ಟಿ ಉಕ್ಕಿನದಾದರೆ ಅಯಸ್ಕಾಂತತೆ ಉಳಿದು ಫ್ಲಿಪ್ಪರ್ ಮೇಲೇ ಅಂಟಿ ನಿಲ್ಲುತ್ತದೆ.

ಎಣ್ಣೆ ಮಾತ್ರ ಹಾಕಬೇಡಿರಿ. ಹೊಲಿಗೆ ಮಷಿನ್ ಎಣ್ಣೆಯೂ ಬೇಡ, ಸ್ಪ್ರೇಯೂ ಬೇಡ. ನಮ್ಮ ಊರಿನ ಧೂಳಿಗೆ ಅದು ವಾರದಲ್ಲಿ ಕಪ್ಪು ರಾಡಿಯಾಗುತ್ತದೆ. ಸ್ಪ್ರೇ ದ್ರಾವಕ ಕಿಡಿ ಹಾರುವ ಪಾಯಿಂಟ್ ಹತ್ತಿರ ಹೊತ್ತಿಕೊಳ್ಳಲೂಬಹುದು. ಪ್ಲಂಜರ್ ಒಣ ಸ್ಲೀವ್ ಒಳಗೇ ಓಡಬೇಕು.

ಬಿಡಿಭಾಗಗಳೆಲ್ಲ ಸಲೀಸಾಗಿದ್ದರೆ ಇಒಎಸ್ ನೋಡಿರಿ. ಫ್ಲಿಪ್ಪರ್‌ನ ಈ ಪಾಯಿಂಟ್‌ಗಳು ಗಟ್ಟಿ ಟಂಗ್‌ಸ್ಟನ್‌ನವು, ಸಪಾಟಾದ ಸಣ್ಣ ಅರದಿಂದ ಉಜ್ಜಬಹುದು. ಎಮರಿ ಬೇಡ, ಅದರ ಕಣ ಪಾಯಿಂಟ್‌ನಲ್ಲಿ ಉಳಿಯುತ್ತದೆ. ಅಂಕ ಎಣಿಸುವ ಕಡೆ ಇರುವ ಸಣ್ಣ ಪಾಯಿಂಟ್‌ಗಳಿಗೆ ಈ ಅರ ತಾಗಿಸಲೇಬೇಡಿರಿ, ಅವು ಮೆದು. ಉಜ್ಜಿದ ಮೇಲೆ ಹೊಂದಿಕೆ: ಫ್ಲಿಪ್ಪರ್ ಕೆಳಗಿದ್ದಾಗ ಒಂದು ಪಟ್ಟಿ ಇನ್ನೊಂದನ್ನು ತುಸು ಒತ್ತಿ ಬಾಗಿಸಿರಬೇಕು, ಬರೀ ತಾಗಿದ್ದರೆ ಸಾಲದು. ಪೂರ್ತಿ ಏರಿದಾಗ ನಡುವೆ ಸುಮಾರು 3 ಮಿಲಿಮೀಟರ್ ಬಿಡುವು ಸಾಕು. ಪಟ್ಟಿಯನ್ನು ಬುಡದ ಹತ್ತಿರ ಬಾಗಿಸಿರಿ, ತುದಿಯಲ್ಲಲ್ಲ.

ಇದಾದ ಮೇಲೂ ಸೋತಿದ್ದರೆ ಗುಂಡಿಯ ಹಿಂದಿನ ಸ್ವಿಚ್. ಪೂರಾ ಕರೆಂಟ್ ಅದರಲ್ಲೇ ಹಾಯುವುದರಿಂದ ಅದೂ ಸುಟ್ಟು ಕಪ್ಪಾಗುತ್ತದೆ. ಅನುಮಾನ ತೀರಿಸಿಕೊಳ್ಳಲು ದಾರಿ ಇದೆ. ಪ್ಲಗ್ ಕಿತ್ತಿರುವಾಗಲೇ ರಬ್ಬರ್ ಹೊದಿಕೆಯ ಕ್ಲಿಪ್ ವಯರನ್ನು ಇಒಎಸ್‌ನ ಎರಡು ಬದಿಗೆ ಹಚ್ಚಿ, ಆಮೇಲೆ ಪ್ಲಗ್ ಹಾಕಿ ಆಟ ಶುರು ಮಾಡಿ ಗುಂಡಿಯನ್ನು ಒಮ್ಮೆ ತಟ್ಟಿ ಬಿಡಿರಿ, ಒತ್ತಿ ಹಿಡಿಯಬೇಡಿರಿ. ಹೊಡೆತ ಜೋರಾದರೆ ತಪ್ಪು ಇಒಎಸ್‌ನದು. ಜೋರಾಗದಿದ್ದರೆ ಗುಂಡಿಯ ಸ್ವಿಚ್ ಮತ್ತು ಅಲ್ಲಿಗೆ ಬರುವ ವಯರಿನ ಬೆಸುಗೆ ನೋಡಿರಿ. ವಯರ್ ತೆಗೆಯುವ ಮೊದಲು ಮತ್ತೆ ಪ್ಲಗ್ ಕೀಳಿರಿ.

ಎರಡೂ ಫ್ಲಿಪ್ಪರ್ ಒಟ್ಟಿಗೆ ಸೋತಿದ್ದರೆ ಹುಡುಕುವ ಜಾಗ ಬೇರೆ: ಗೇಮ್ ಓವರ್ ರಿಲೇ ಪಾಯಿಂಟ್, ಫ್ಯೂಸ್ ಹಿಡಿಕೆ, ಇಲ್ಲವೇ ಮನೆಗೆ ಬರುವ ಕರೆಂಟ್. ಬೇಸಿಗೆ ಸಂಜೆ ಹೆಸ್ಕಾಂ ಲೈನ್ 230ರಿಂದ 200 ವೋಲ್ಟ್‌ಗೆ ಇಳಿದರೆ ಕಾಯಿಲ್ ಎಳೆತ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಯಾಕೆಂದರೆ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. ಆದ್ದರಿಂದ ಪರೀಕ್ಷೆ ಮಾಡುವಾಗ ಸಾಕೆಟ್‌ನ ವೋಲ್ಟೇಜನ್ನೂ ಬರೆದಿಡಿರಿ. ಅಮೆರಿಕದ ಲೈನಿಗೆಂದೇ ಮಾಡಿದ ಯಂತ್ರವಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ, ಅದು ಚಿಕ್ಕದಾದರೂ ಹೊಡೆತದ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ. ಅಲ್ಲಿನ 60 ಹರ್ಟ್ಸ್ ಬದಲು ಇಲ್ಲಿ 50 ಇರುವುದರಿಂದ ಒಳಗಿನ ಟ್ರಾನ್ಸ್‌ಫಾರ್ಮರ್ ತುಸು ಹೆಚ್ಚು ಬಿಸಿಯಾಗುತ್ತದೆ.

ಫ್ಯೂಸ್ ಹಾರಿದರೆ ದೊಡ್ಡದು ಹಾಕಬೇಡಿರಿ, ಅದೇ ಆಂಪಿಯರ್‌ನ ಅದೇ ಬಗೆಯ ಫ್ಯೂಸ್ ಹಾಕಿ ಕಾರಣ ಹುಡುಕಿರಿ.

ಬಲಗಡೆಯ ತಂತಿ ಒಳಗೇ ಕಡಿದಿದ್ದರೆ ಹುಬ್ಬಳ್ಳಿಯಲ್ಲೇ ಮೋಟಾರ್ ರಿವೈಂಡಿಂಗ್ ಮಾಡುವವರು ಸುತ್ತಿಕೊಡಬಲ್ಲರು. ಬ್ಯಾಲಿ ಕಾಯಿಲ್ ಸುತ್ತಿದ ಕಾಗದದ ಮೇಲಿನ ಸಂಖ್ಯೆಯಲ್ಲೇ ಲೆಕ್ಕ ಇದೆ. ಉದಾಹರಣೆಗೆ ಎಕ್ಯೂ-25-500/34-4500 ಎಂದಿದ್ದರೆ 25 ಗೇಜಿನ (ಗೇಜ್ ಅಂದರೆ ತಂತಿಯ ದಪ್ಪದ ಅಳತೆ) 500 ಸುತ್ತು, 34 ಗೇಜಿನ 4500 ಸುತ್ತು. ಆದರೆ ಆ ಗೇಜ್ ಅಮೆರಿಕದ್ದು, ನಮ್ಮ ಅಂಗಡಿಯಲ್ಲಿ ನಡೆಯುವುದು ಬ್ರಿಟಿಷ್ ಗೇಜ್ ಆದ ಎಸ್‌ಡಬ್ಲ್ಯೂಜಿ. ಅಮೆರಿಕದ 25 ಅಂದರೆ 0.455 ಮಿಲಿಮೀಟರ್, ಅದಕ್ಕೆ ಸರಿಯಾದದ್ದು ಇಲ್ಲಿನ 26. ಅಮೆರಿಕದ 34 ಅಂದರೆ 0.16 ಮಿಲಿಮೀಟರ್, ಇಲ್ಲಿನ 38 ಹತ್ತಿರದ್ದು. 25 ಎಂದು ಬಾಯಿಮಾತಿನಲ್ಲಿ ಹೇಳಿ ಬಂದರೆ 0.508ರ ತಂತಿ ಸುತ್ತುತ್ತಾರೆ. ಅಷ್ಟು ಸುತ್ತು ಬಾಬಿನ್‌ನಲ್ಲಿ ಹಿಡಿಯುವುದಿಲ್ಲ, ಹಿಡಿದರೂ ರೋಧ ಕಡಿಮೆಯಾಗಿ ಕರೆಂಟ್ ಜಾಸ್ತಿ ಎಳೆಯುತ್ತದೆ. ಅದಕ್ಕೆ ಮಿಲಿಮೀಟರಿನಲ್ಲೇ ಬರೆದು ಕೊಡಿರಿ, ಎರಡೂ ಸುರುಳಿ ಒಂದೇ ದಿಕ್ಕಿಗೆ ಸುತ್ತಬೇಕೆಂದೂ ಬರೆಯಿರಿ. ದಿಕ್ಕು ತಿರುಗಿದರೆ ಒಂದರ ಎಳೆತವನ್ನು ಇನ್ನೊಂದು ಕಳೆಯುತ್ತದೆ.

ಎರಡೂ ಕಾಯಿಲ್‌ನ ಮೂರು ಟ್ಯಾಗ್‌ಗಳ ಓಮ್ ಅಳತೆ, ಕಾಗದದ ಮೇಲಿನ ಸಂಖ್ಯೆ, ಎಡಗಡೆಯ ಇಒಎಸ್‌ನ ಹತ್ತಿರದ ಫೋಟೋ ಇಲ್ಲೇ ಹಾಕಿರಿ, ಮುಂದಿನದು ನೋಡಿ ಹೇಳುತ್ತೇನೆ.