ರಾತ್ರಿ ಫೋನ್ ಮಾಡಿದರೆ ಡ್ಯೂಟಿ ಡಾಕ್ಟರ್ ನನ್ನ ಮಾತು ನಂಬುವುದೇ ಇಲ್ಲ, ಏನು ಮಾಡಲಿ?

ಸರ್ಜಿಕಲ್ ವಾರ್ಡಿಗೆ ಹೊಸದಾಗಿ ಸೇರಿದ್ದೀರಿ, ಫೋನ್ ಮಾಡಿದರೆ ಡಾಕ್ಟರ್ "ಅದಕ್ಕೇನೀಗ?" ಅಂತ ರೇಗಿ ಇಟ್ಟುಬಿಡುತ್ತಾರೆ ಅಂತ ಬರೆದಿದ್ದೀರಿ. ರೇಗುವವರು ರೇಗಲಿ, ನೀವು ಮೊದಲ ಅರ್ಧ ನಿಮಿಷದಲ್ಲಿ ಏನು ಹೇಳುತ್ತೀರಿ ಅನ್ನುವುದನ್ನು ಸರಿಮಾಡಿಕೊಳ್ಳೋಣ.

"ಸರ್, 12ನೇ ಬೆಡ್ ಪೇಷಂಟ್ ಯಾಕೋ ಸರಿ ಇಲ್ಲ, ಒಂದ್ಸಲ ಬನ್ನಿ" ಅಂದರೆ ನಿದ್ದೆಗಣ್ಣಲ್ಲಿರುವವರಿಗೆ ಏನು ತಿಳಿದೀತು? ಹೀಗೆ ಹೇಳಿ ನೋಡಿ: "ಸರ್, ಸರ್ಜಿಕಲ್ ವಾರ್ಡ್ ಸಿಸ್ಟರ್. 12ನೇ ಬೆಡ್, ಬಿಪಿ ಬೀಳ್ತಾ ಇದೆ. 58 ವರ್ಷ, ಕರುಳಿನ ಆಪರೇಷನ್ ಆಗಿ ಎರಡನೇ ದಿನ. ಹತ್ತು ಗಂಟೆಗೆ 130/80 ಇತ್ತು, ಈಗ 94/60. ಪಲ್ಸ್ 118. ಕಳೆದ ಎರಡು ಗಂಟೆಗಳಲ್ಲಿ ಯೂರಿನ್ ಗಂಟೆಗೆ 20 ಎಂಎಲ್ ಅಷ್ಟೇ. ಹೊಟ್ಟೆ ಬಿಗಿಯಾಗಿದೆ, ಡ್ರೈನ್ ಖಾಲಿ. ಒಳಗೆ ಬ್ಲೀಡಿಂಗ್ ಇರಬಹುದು ಅಂತ ಅನುಮಾನ. ಈಗಲೇ ಬಂದು ನೋಡಬೇಕು ಸರ್." (ಡ್ರೈನ್, ಅಂದರೆ ಹೊಟ್ಟೆಯೊಳಗಿನ ದ್ರವ ಹೊರಗೆ ಹರಿಯಲು ಇಟ್ಟ ಟ್ಯೂಬ್, ಖಾಲಿ ಇದೆ ಅಂತ ಸಮಾಧಾನಪಡಬೇಡಿ, ರಕ್ತ ಹೆಪ್ಪುಗಟ್ಟಿ ಟ್ಯೂಬೇ ಕಟ್ಟಿಕೊಂಡಿರಬಹುದು.)

ಇದೇ ಎಸ್‌ಬಾರ್ (SBAR: ಸಿಚುಯೇಷನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಷನ್) ಪದ್ಧತಿ. ಅಮೆರಿಕದ ಅಣು ಸಬ್‌ಮರೀನ್‌ಗಳ ರೂಢಿಯನ್ನು ಅಲ್ಲಿನ ಆರೋಗ್ಯ ಸಂಸ್ಥೆ ಕೈಸರ್ ಪರ್ಮನೆಂಟೆಯವರು ಆಸ್ಪತ್ರೆಗೆ ತಂದರು. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನಿಮಗೇನನ್ನಿಸುತ್ತದೆ, ಏನು ಬೇಕು, ಈ ಕ್ರಮದಲ್ಲಿ ಹೇಳಬೇಕು. ನಮ್ಮಲ್ಲಿ ಮೊದಲೆರಡು ಹೇಳಿ ಸುಮ್ಮನಾಗುವವರೇ ಹೆಚ್ಚು. ಡಾಕ್ಟರಿಗೆ ಸಲಹೆ ಕೊಟ್ಟಂತಾಗುತ್ತದೆ ಅನ್ನುವ ಅಳುಕು. ಆದರೆ ಏನು ಬೇಕು ಅಂತ ಹೇಳದೆ ಹೋದರೆ "ಸರಿ, ನೋಡ್ತಾ ಇರಿ" ಅನ್ನುವ ಉತ್ತರವೇ ಬರುವುದು.

ಫೋನ್ ಎತ್ತುವ ಮೊದಲು ನೀವೇ ಬಿಪಿ, ಪಲ್ಸ್ ಇನ್ನೊಮ್ಮೆ ನೋಡಿ. ಕೇಸ್ ಶೀಟ್, ಡ್ರಗ್ ಚಾರ್ಟ್ ಎದುರಿಗಿರಲಿ. ಕೇಳಿದ್ದು ಗೊತ್ತಿಲ್ಲದಿದ್ದರೆ "ಎರಡು ನಿಮಿಷದಲ್ಲಿ ನೋಡಿ ಹೇಳ್ತೀನಿ" ಅನ್ನಿ. ಅಂದಾಜಿಗೆ ಹೇಳಿದ ಒಂದು ಸಂಖ್ಯೆ ತಪ್ಪಾದರೆ ಮುಂದಿನ ಹತ್ತು ಕರೆಗಳನ್ನೂ ಅವರು ಅನುಮಾನದಿಂದಲೇ ಕೇಳುತ್ತಾರೆ. ಬೆಳಗಿನ ರೌಂಡ್ಸ್‌ವರೆಗೆ ಕಾಯಬಹುದಾದ ಸಣ್ಣಪುಟ್ಟ ವಿಷಯಗಳನ್ನು ಒಟ್ಟಿಗೆ ಬರೆದಿಟ್ಟುಕೊಳ್ಳಿ.

ಬಾಯಲ್ಲಿ ಕೊಟ್ಟ ಆರ್ಡರನ್ನು ಬರೆದುಕೊಂಡು, ಬರೆದದ್ದನ್ನೇ ಓದಿ ಹೇಳಿ, ಅವರಿಂದ "ಹೌದು" ಅನ್ನಿಸಿಕೊಳ್ಳಿ. ಫೋನಲ್ಲಿ ಫಿಫ್ಟೀನ್, ಫಿಫ್ಟಿ ಒಂದೇ ಥರ ಕೇಳುತ್ತವೆ, ಹಾಗಾಗಿ "ಒನ್ ಫೈವ್" ಅಂತ ಬಿಡಿಸಿ. ಇನ್ಸುಲಿನ್‌ಗೆ "4 ಯು" ಅಂತ ಬರೆಯಬೇಡಿ, ಇಂಗ್ಲಿಷ್‌ನ ಆ ಅಕ್ಷರ ಸೊನ್ನೆಯ ಹಾಗೆ ಕಂಡು 40 ಆಗುತ್ತದೆ. "ಯೂನಿಟ್" ಅಂತ ಪೂರ್ತಿ ಬರೆಯಿರಿ. 1.0 ಕೂಡ ಬೇಡ, ಚುಕ್ಕೆ ಮಾಸಿದರೆ 10.

ಡಾಕ್ಟರ್ ಬರದೆ ಪೇಷಂಟ್ ಸ್ಥಿತಿ ಇನ್ನೂ ಹದಗೆಡುತ್ತಿದ್ದರೆ ಮತ್ತೆ ಫೋನ್ ಮಾಡಿ: "ಸರ್, ಈಗ ಬಿಪಿ 86/50. ನೀವು ಬರೋದು ತಡವಾದರೆ ರಿಜಿಸ್ಟ್ರಾರ್‌ಗೆ ತಿಳಿಸ್ತಾ ಇದ್ದೀನಿ." ಅವರ ಬೆನ್ನ ಹಿಂದೆ ರಿಜಿಸ್ಟ್ರಾರ್‌ನಂಥ ಮೇಲಿನ ಡಾಕ್ಟರಿಗೆ ಹೇಳುವುದಕ್ಕಿಂತ ಇದು ಮೇಲು. ಪ್ರತಿ ಕರೆಯ ಸಮಯ, ಯಾರ ಜೊತೆ, ಏನು ಹೇಳಿದರು, ಇವಿಷ್ಟನ್ನು ಆಗಲೇ ನರ್ಸಸ್ ನೋಟ್ಸ್‌ನಲ್ಲಿ ಬರೆಯಿರಿ. ಡ್ಯೂಟಿ ಮುಗಿಯುವಾಗ ನೆನಪಿನಿಂದ ಬರೆದರೆ ಸಮಯಗಳು ಚಾರ್ಟಿಗೆ ತಾಳೆಯಾಗುವುದಿಲ್ಲ.